ಮೋರಿ ಬೀದಿಯ ಕೆಂಪು ನೀರು

ನನ್ನ ನಿವೃತ್ತಿಗೆ ಇನ್ನು ಎರಡೇ ವರ್ಷ ಉಳಿದಿತ್ತು. ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಯಲ್ಲಿ ಕಾರ್ಯಪಾಲಕ ಇಂಜಿನಿಯರ್ ಆಗಿದ್ದೆ. ಹಿಂದಿನ ವರ್ಷದ ಮಳೆಗೆ ಎಷ್ಟೋ ಕಾಲದಿಂದ ಕೋಡಿ ಕಾಣದಿದ್ದ ಕೆರೆಗಳೆಲ್ಲ ಕೋಡಿ ಹರಿದಿದ್ದವು. ಊರೊಳಗಿನ ಮನೆಗಳಿಗೆ ನೀರು ನುಗ್ಗಿತ್ತು. ಹೀಗಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಊರುಗಳಲ್ಲಿ ಮಳೆನೀರು ಹರಿದುಹೋಗುವ ವ್ಯವಸ್ಥೆ ಹೇಗಿದೆಯೆಂದು ಪರಿಶೀಲಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಇಂಥ ವರದಿಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಜೋರು ಮಳೆ ಬಂದರೆ ಇರುವ ಚರಂಡಿ, ಕಾಲುವೆಗಳು ಆ ನೀರನ್ನು ಇವತ್ತು ಸಾಗಿಸುತ್ತವೆಯೇ ಎಂಬುದು ಮೊದಲನೆಯದು. ಊರು ಬೆಳೆದು, ಹೊಲಗಳೆಲ್ಲ ಬಡಾವಣೆಯಾಗಿ, ಮಣ್ಣಿನಲ್ಲಿ ಇಂಗುತ್ತಿದ್ದ ನೀರೂ ಹರಿದುಬಂದಾಗ ಇವೇ ಕಾಲುವೆಗಳು ಮುಂದೆಯೂ ತಾಳಿಕೊಳ್ಳುತ್ತವೆಯೇ ಎಂಬುದು ಎರಡನೆಯದು. ಮೊದಲನೆಯದನ್ನು ಕಾರ್ಯಕ್ಷಮತೆ ಎಂದೂ ಎರಡನೆಯದನ್ನು ಸುಸ್ಥಿರತೆ ಎಂದೂ ಕಡತದಲ್ಲಿ ಬರೆಯುತ್ತೇವೆ. ಪ್ರತಿ ಕಾಲುವೆಯನ್ನೂ ತುಂಡುತುಂಡಾಗಿ ನೋಡಿ, ಅಗಲ, ಆಳ, ಇಳಿಜಾರು ಅಳೆದು, ಕೊನೆಯ ಕಾಲಂನಲ್ಲಿ ಅದರ ಸ್ಥಿತಿ ನಮೂದಿಸಿ, ಎಲ್ಲಕ್ಕೂ ಅಂಕ ಹಾಕಿ ಸರಾಸರಿ ತೆಗೆಯಬೇಕು.

ನಾನು ಹೇಳಹೊರಟಿರುವ ಸಂಗತಿ ಈ ನಾಲ್ಕು ತಾಲ್ಲೂಕುಗಳ ಒಂದು ಊರಿನಲ್ಲಿ ನಡೆಯಿತು. ಯಾವ ಊರು ಎಂದು ಹೇಳುವುದಿಲ್ಲ. ಅಲ್ಲಿಯ ಜನ ಆ ಊರಿನಲ್ಲೇ ಇನ್ನೂ ಬದುಕುತ್ತಿದ್ದಾರೆ. ಅವರ ಮನೆಗಳ ಬಗ್ಗೆ ಈಗಾಗಲೇ ಬೇಕಾದಷ್ಟು ಮಾತಾಗಿದೆ.

ಊರು ಬೆಟ್ಟದ ಬುಡದಿಂದ ಕೆರೆಯವರೆಗೆ ಇಳಿಜಾರಿನಲ್ಲಿ ಹಬ್ಬಿಕೊಂಡಿದೆ. ಬೆಟ್ಟದ ನೀರನ್ನು ಕೆರೆಗೆ ಒಯ್ಯುವ ರಾಜಕಾಲುವೆ ಊರಿನ ನಡುವೆಯೇ ಹಾಯುತ್ತದೆ. ಮೇಲ್ಭಾಗದಲ್ಲಿ ಅದಕ್ಕೆ ಎರಡು ವರ್ಷದ ಹಿಂದಷ್ಟೇ ಕಾಂಕ್ರೀಟ್ ತಳ, ಕಾಂಕ್ರೀಟ್ ಗೋಡೆ ಕಟ್ಟಿದ್ದರು. ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳ, ನೋಡಲು ಅಚ್ಚುಕಟ್ಟು. ಕೆಳಗೆ ಕೆರೆಯ ಹತ್ತಿರವೂ ಹೊಸ ಕಾಂಕ್ರೀಟ್. ನಡುವೆ ಮಾತ್ರ ನೂರ ನಲವತ್ತು ಮೀಟರ್ ಉದ್ದಕ್ಕೆ ಕಾಲುವೆ ಕಣ್ಣಿಗೆ ಕಾಣುವುದಿಲ್ಲ. ಯಾವುದೋ ಕಾಲದಲ್ಲಿ ಎರಡೂ ಬದಿ ಗಾರೆಯಲ್ಲಿ ಕಲ್ಲು ಕಟ್ಟಿ, ಮೇಲೆ ಚಪ್ಪಡಿ ಹಾಸಿ ಮುಚ್ಚಿದ್ದರು. ಚಪ್ಪಡಿಯ ಮೇಲೆ ಬೀದಿಯಾಯಿತು, ಬೀದಿಯ ಒಂದು ಬದಿಯ ಮನೆಗಳು ಕಾಲುವೆಯ ಮೇಲಕ್ಕೇ ಚಾಚಿಕೊಂಡವು. ಜನ ಅದನ್ನು ಮೋರಿ ಬೀದಿ ಎನ್ನುತ್ತಿದ್ದರು. ನಕ್ಷೆಯಲ್ಲಿ ಆ ಭಾಗ ಬರೀ ಚುಕ್ಕೆಗಳ ಗೆರೆ.

ಮೇ ತಿಂಗಳ ಒಂದು ಬೆಳಿಗ್ಗೆ ಕಾಲುವೆಯೊಳಗೇ ನಡೆಯುತ್ತ ಮೇಲಿನಿಂದ ಬಂದೆ. ಮೋರಿಯ ಬಾಯಿಗೆ ಬಂದು ನಿಂತಾಗ ಒಳಗೆ ಟಾರ್ಚ್ ಬಿಟ್ಟರೆ ಹತ್ತು ಹೆಜ್ಜೆಯಾಚೆ ಏನೂ ಕಾಣಲಿಲ್ಲ. ಜೊತೆಯಲ್ಲಿದ್ದವರು ಗಂಗುಲಪ್ಪ. ಊರಿನ ಚರಂಡಿಗಳ ಹೂಳು ತೆಗೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರು. ಐವತ್ತೈದು ದಾಟಿದ ಸಣಕಲು ಆಸಾಮಿ, ಮಾತು ಕಡಿಮೆ. ಮನೆಮಾತು ತೆಲುಗು, ಯೋಚನೆಯಲ್ಲಿದ್ದಾಗ ಕನ್ನಡದ ನಡುವೆ ತೆಲುಗು ನುಸುಳುತ್ತಿತ್ತು.

ಒಳಗೆ ಹೇಗಿದೆ ಎಂದು ಕೇಳಿದೆ. ಮನುಷ್ಯರನ್ನು ಒಳಗೆ ಇಳಿಸಬಾರದು ಎಂಬ ಆದೇಶ ಬಂದ ಮೇಲೆ ತಾನು ಹೋಗಿಲ್ಲವೆಂದರು. ಆಮೇಲೆ ನಾನು ಕೇಳದೇ ಇದ್ದ ಇನ್ನೊಂದು ವಿಷಯ ಹೇಳಿದರು.

"ಮೊದ್ಲು ಮಳೆ ಬಂದ್ರೆ ಈ ಬೀದಿನಾಗೆ ಕಾಲಡಿ ಗುಡುಗುಡು ಅಂತಿತ್ತು ಮೇಡಮ್ಮಾ. ಮಲಗಿದ್ದೋರಿಗೆ ಎಚ್ಚರ ಆಗೋದು. ಈಗ ಎರಡು ವರ್ಸದಿಂದ ಸದ್ದೇ ಇಲ್ಲ. ಆಮೇಲೆ ಆ ಕಡೆ ಬಾಯಲ್ಲಿ ಎರ್ರಮಟ್ಟಿ ಬೀಳ್ತಾ ಐತೆ."

ಎರ್ರಮಟ್ಟಿ ಎಂದರೆ ಕೆಂಪು ಮಣ್ಣು. ಅದರಲ್ಲೇನು ವಿಶೇಷ ಎಂದೆ. ಬೆಟ್ಟದ ಮಣ್ಣು ಬಂದಿರಬಹುದಲ್ಲ?

ಅವರು ತಲೆಯಾಡಿಸಿದರು. ಮೇಲಿನ ಕಾಲುವೆಯಲ್ಲಿ ತಾನೇ ಹೂಳು ಎತ್ತುವುದಾಗಿಯೂ, ಅಲ್ಲಿ ಸಿಗುವುದು ಊರಿನ ಕಪ್ಪು ರೊಚ್ಚು, ಪ್ಲಾಸ್ಟಿಕ್ಕು, ಕಟ್ಟಡದ ಬೂದು ಪುಡಿ ಮಾತ್ರ ಎಂದೂ ಹೇಳಿದರು. ಒಳಗೆ ಹೋಗುವುದು ಕಪ್ಪು, ಹೊರಗೆ ಬರುವುದು ಕೆಂಪು. ಈ ಮಾತನ್ನು ಯಾರಿಗಾದರೂ ಹೇಳಿದ್ದೀರಾ ಎಂದೆ. ಕೇಳಿದ್ದರೆ ಹೇಳುತ್ತಿದ್ದೆ ಎಂದರು. ನಾನು ನಿಂತಲ್ಲೇ ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಆ ವಾರವೇ ಒಂದು ಮುಂಗಾರು ಪೂರ್ವ ಮಳೆ ಬಂತು. ನಾನು ಮೇಲಿನ ಬಾಯಿಯಲ್ಲಿ, ಗಂಗುಲಪ್ಪ ಕೆಳಗಿನ ಬಾಯಿಯಲ್ಲಿ ನಿಂತು, ಫೋನಿನಲ್ಲಿ ಮಾತಾಡಿಕೊಂಡು ಒಂದೇ ಸಮಯಕ್ಕೆ ಒಂದೊಂದು ಬಾಟಲಿ ನೀರು ಹಿಡಿದೆವು. ಬಾಟಲಿಗಳನ್ನು ಜೀಪಿನ ಬಾನೆಟ್ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನದು ಬೂದುಗಪ್ಪು. ಅವರದು ಇಟ್ಟಿಗೆ ಪುಡಿ ಕದಡಿದ ಹಾಗೆ ಕೆಂಪು. ಹತ್ತು ನಿಮಿಷದಲ್ಲಿ ಅವರ ಬಾಟಲಿಯ ತಳದಲ್ಲಿ ಹೆಬ್ಬೆರಳಿನ ದಪ್ಪ ಮಣ್ಣು ಕೂತಿತು. ಊರಿನ ನೆಲದೊಳಗಿನಿಂದ ಮಣ್ಣು ಕರಗಿ ಹೋಗುತ್ತಿದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಯಾರ ಮನೆಯ ಕೆಳಗಿನಿಂದ ಎನ್ನುವುದೊಂದೇ ಗೊತ್ತಾಗಬೇಕಿತ್ತು.

ಮಳೆ ನಿಂತ ಮೇಲೆ ಬೀದಿಯಲ್ಲಿ ಮನೆಮನೆಗೂ ಹೋದೆ. ಹೆಚ್ಚಿನವು ರೇಷ್ಮೆ ನೂಲು ಬಿಚ್ಚುವ ಮನೆಗಳು. ಮುಂದುಗಡೆ ಒಲೆ, ಬಿಸಿನೀರಿನಲ್ಲಿ ಬೇಯುವ ಗೂಡು, ಸುತ್ತುವ ಚರಕಗಳು, ಹಿಂದುಗಡೆ ಸಂಸಾರ. ಬೀದಿಯ ನಡುಮಧ್ಯದ ಮನೆ ಷಮೀಮ್ ಎಂಬುವರದು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಗೂಡಿನ ಮಾರುಕಟ್ಟೆಗೆ ಓಡಾಡಿದರೆ ಘಟಕ ನಡೆಸುವವರು ಇವರೇ. ಕೈಕೆಳಗೆ ಆರು ಹೆಂಗಸರು. ಮನೆಯಲ್ಲಿ ಏನಾದರೂ ಬಿರುಕು ಕಂಡಿದೆಯೇ ಎಂದಿದ್ದಕ್ಕೆ ಗೋಡೆ ತೋರಿಸಲಿಲ್ಲ, ಹಿತ್ತಲ ಬಾಗಿಲು ತೋರಿಸಿದರು. ಬಾಗಿಲು ಹೊಸ್ತಿಲಿಗೆ ಒತ್ತುತ್ತದೆಂದು ಬಡಗಿಯನ್ನು ಕರೆಸಿ ಎರಡು ಸಲ ಕೆಳಗಡೆ ಕೆತ್ತಿಸಿದ್ದರಂತೆ. ಈಗ ಮತ್ತೆ ಒತ್ತುತ್ತಿದೆ. ಬಾಗಿಲು ಉಬ್ಬಿರಲಿಲ್ಲ. ಮನೆಯೇ ಒಂದು ಕಡೆಗೆ ಕೂರುತ್ತಿತ್ತು.

ಅಡುಗೆಮನೆಯ ನೆಲವನ್ನು ಅಲ್ಲಲ್ಲಿ ಕೋಲಿನ ತುದಿಯಿಂದ ತಟ್ಟುತ್ತ ಹೋದೆ. ಗೋಡೆಯ ಪಕ್ಕದಲ್ಲಿ ಗಟ್ಟಿ ಸದ್ದು. ನಡುವಿಗೆ ಬಂದಾಗ ಖಾಲಿ ಕೊಡ ತಟ್ಟಿದ ಹಾಗೆ ಕೇಳಿತು. ಷಮೀಮ್ ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆ ಮಾಡಿಸಿ ತಿಳಿಸುತ್ತೇನೆ ಎಂದಷ್ಟೇ ಹೇಳಿ ಹೊರಟೆ.

ಹೊರಗೆ ಬಂದಾಗ ಗಂಗುಲಪ್ಪ, ಒಂದು ಹಗ್ಗ ಕಟ್ಟಿಬಿಟ್ಟರೆ ತಾನೇ ಒಳಗೆ ಹೋಗಿ ನೋಡಿಕೊಂಡು ಬರುವುದಾಗಿ ಹೇಳಿದರು. ಒಂದು ಕ್ಷಣ ಆಸೆಯಾಯಿತು ಎನ್ನುವುದನ್ನು ಮುಚ್ಚಿಡಲಾರೆ. ಅವರು ಒಳಗೆ ಹೋಗಿ ಬಂದರೆ ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯುತ್ತಿತ್ತು. ಕಾನೂನು ಬಿಡುವುದಿಲ್ಲ, ನಾನೂ ಬಿಡುವುದಿಲ್ಲ ಎಂದೆ. ಕ್ಯಾಮೆರಾ ತರಿಸಲು ಪತ್ರ ಬರೆದೆ. ಪೈಪುಗಳೊಳಗೆ ಓಡಾಡುವ, ಚಕ್ರ ಮತ್ತು ದೀಪ ಇರುವ ಪುಟ್ಟ ಗಾಡಿ ಅದು. ಅದು ಬೆಂಗಳೂರಿನಿಂದ ಬರುವಷ್ಟರಲ್ಲಿ ಜುಲೈ ಮುಗಿಯುತ್ತ ಬಂದಿತ್ತು.

ಆ ನಡುವೆ ಹಳೆಯ ಕಡತಗಳನ್ನು ತೆಗೆಸಿದೆ. ಮುಚ್ಚಿದ ಭಾಗದ ಸ್ಥಿತಿಯನ್ನು ಯಾರು ಯಾವಾಗ ನೋಡಿದ್ದರು ಎಂದು ತಿಳಿಯಬೇಕಿತ್ತು. ಇತ್ತೀಚಿನ ಪಟ್ಟಿಯಲ್ಲಿ ಆ ನೂರ ನಲವತ್ತು ಮೀಟರಿನ ಎದುರು 'ಸುಸ್ಥಿತಿಯಲ್ಲಿದೆ' ಎಂದಿತ್ತು. ಅದಕ್ಕೂ ಹಿಂದಿನದರಲ್ಲಿ ಅದೇ. ಒಂಬತ್ತು ವರ್ಷದ ಹಿಂದಿನದರಲ್ಲೂ ಅದೇ ಪದ, ಪುಟದ ಕೆಳಗೆ ಪರಿಶೀಲಿಸಿದವರ ಸಹಿ. ಸಹಿ ನನ್ನದು.

ಆಗ ನಾನು ಅದೇ ಉಪವಿಭಾಗದಲ್ಲಿ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗಿದ್ದೆ. ಆ ದಿನ ಎಷ್ಟು ನೆನಪು ಮಾಡಿಕೊಂಡರೂ ನೆನಪಾಗಲಿಲ್ಲ. ಮೋರಿಯ ಬಾಯಿಗಾದರೂ ಹೋಗಿದ್ದೆನೋ ಇಲ್ಲವೋ, ಹೇಳಲಾರೆ. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ಇದ್ದುದನ್ನು ನೋಡಿ ಬರೆದಿರಬೇಕು. ನನ್ನ ನಂತರದವರು ನನ್ನದನ್ನು ನೋಡಿ ಬರೆದರು. ಆ ಒಂದು ಪದವನ್ನು ನಂಬಿಯೇ ಮೇಲಿನ ಕಾಂಕ್ರೀಟ್ ಕಾಲುವೆಯ ವಿನ್ಯಾಸ ಮಾಡಿದ್ದರು. ಹಳೆಯ ಮಣ್ಣುಕಾಲುವೆಯಲ್ಲಿ ನಿಧಾನವಾಗಿ ಬರುತ್ತಿದ್ದ ನೀರು ನುಣುಪಾದ ಕಾಂಕ್ರೀಟಿನ ಮೇಲೆ ರಭಸದಿಂದ ಬಂದು, ಗಾರೆ ಸಡಿಲಾಗಿದ್ದ ಹಳೆಯ ಕಲ್ಲುಗೋಡೆಗೆ ಹೊಡೆಯುತ್ತಿತ್ತು. ಒಂದು ಕಲ್ಲು ಕಳಚಿದರೆ ಸಾಕು, ಅದರ ಹಿಂದಿನ ಮಣ್ಣನ್ನು ಎಳೆಯಲು ನೀರಿಗೆ ದಾರಿ ಸಿಗುತ್ತದೆ.

ಕ್ಯಾಮೆರಾ ಇಳಿಸಿದ ದಿನ ಬೀದಿಯಲ್ಲಿ ಒಂದು ಮೇಜು ಹಾಕಿ, ಪರದೆಯ ಸುತ್ತ ನಾವು ನಾಲ್ಕೈದು ಜನ ನಿಂತಿದ್ದೆವು. ಮೊದಲ ಇಪ್ಪತ್ತು ಮೀಟರ್ ಎರಡೂ ಬದಿ ಕಲ್ಲುಗೋಡೆ ಸರಿಯಾಗಿ ಕಂಡಿತು. ಮೂವತ್ತರ ಹತ್ತಿರ ಎಡಗಡೆಯ ಗೋಡೆಯಲ್ಲಿ ಒಂದೊಂದೇ ಕಲ್ಲು ಕಾಣೆಯಾಗತೊಡಗಿತು. ಬೀದಿಯ ನಡುಭಾಗಕ್ಕೆ ಬರುವಷ್ಟರಲ್ಲಿ ಗೋಡೆಯೇ ಇರಲಿಲ್ಲ. ಕ್ಯಾಮೆರಾವನ್ನು ಆ ಕಡೆ ತಿರುಗಿಸಲು ಹೇಳಿದೆ. ದೀಪದ ಬೆಳಕು ಕತ್ತಲೊಳಗೆ ಹೋಯಿತು. ಯಾವುದಕ್ಕೂ ತಾಕಿ ಹಿಂದಿರುಗಲಿಲ್ಲ. ಆಚೆಯ ಅಂಚು ಎಲ್ಲಿದೆಯೆಂದೇ ತಿಳಿಯಲಿಲ್ಲ. ಮೊದಲು ಇಕ್ಕಟ್ಟಿನಲ್ಲಿ ಗುಡುಗುಡಿಸುತ್ತಿದ್ದ ನೀರು ಈಗ ಈ ಟೊಳ್ಳಿನಲ್ಲಿ ಸದ್ದಿಲ್ಲದೆ ಹರಡಿಕೊಳ್ಳುತ್ತಿತ್ತು. ಮೇಲ್ಗಡೆ ಮಾತ್ರ ಒಂದಷ್ಟು ಬೇರುಗಳು, ಯಾವುದೋ ಮನೆಯ ನೀರಿನ ಪೈಪು, ಮತ್ತು ನಾಲ್ಕು ಬೆರಳು ದಪ್ಪದ ಸಿಮೆಂಟು ನೆಲದ ಅಡಿಭಾಗ ಕಾಣುತ್ತಿತ್ತು.

ಅಳತೆ ಹಾಕಿದೆವು. ಅದು ಷಮೀಮ್ ಅವರ ಅಡುಗೆಮನೆಯ ನೆಲ. ಅದೇ ಹೊತ್ತಿಗೆ ಮೇಲೆ ಅವರು ಒಲೆಗೆ ಸೌದೆ ಹಾಕುತ್ತಿದ್ದರು.

ಅಲ್ಲಿಂದ ಮುಂದಿನದು ಕಚೇರಿಗಳ ಕೆಲಸ. ನಾನು ಎರಡು ಬೇಡಿಕೆ ಇಟ್ಟೆ. ಕಾಲುವೆಯ ಮೇಲಕ್ಕೆ ಚಾಚಿಕೊಂಡಿರುವ ಹನ್ನೊಂದು ಮನೆ ತಕ್ಷಣ ಖಾಲಿಯಾಗಬೇಕು. ಹಿಂಗಾರು ಮಳೆ ಶುರುವಾಗುವ ಮೊದಲು ಬೀದಿಯನ್ನು ಸುತ್ತುಹಾಕಿ ಹೋಗುವ ಬದಲಿ ಕಾಲುವೆ ತೋಡಬೇಕು. ಬದಲಿ ಕಾಲುವೆಗೆ ಒಪ್ಪಿಗೆ ಸಿಕ್ಕಿತು. ಮನೆಗಳ ವಿಷಯಕ್ಕೆ ಬಂದಾಗ ಸಭೆಯಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ನನ್ನದೇ ಕರಡು ವರದಿಯನ್ನು ಮುಂದಿಟ್ಟರು. ಇಡೀ ಊರಿನ ಕಾಲುವೆಗಳ ಸರಾಸರಿ ತೆಗೆದಾಗ ಫಲಿತಾಂಶ 'ಉತ್ತಮ' ಎಂದು ಬಂದಿತ್ತು. ಕಿಲೋಮೀಟರ್‌ಗಟ್ಟಲೆ ಹೊಸ ಕಾಂಕ್ರೀಟಿನ ಅಂಕಗಳ ನಡುವೆ ನೂರ ನಲವತ್ತು ಮೀಟರ್ ಮುಳುಗಿಹೋಗಿತ್ತು. ಉತ್ತಮ ಎಂದ ಮೇಲೆ ಇಷ್ಟು ಗಾಬರಿ ಯಾಕೆ ಎಂದು ಅವರು ಕೇಳಿದ್ದು ತಪ್ಪಲ್ಲ. ಲೆಕ್ಕ ನಾನು ಕೊಟ್ಟದ್ದೇ.

ಮನೆಯವರನ್ನು ಸೇರಿಸಿ ಸಮುದಾಯ ಭವನದಲ್ಲಿ ಮಾತಾಡಿದೆವು. ಯಾರೂ ಒಪ್ಪಲಿಲ್ಲ. ಒಲೆ, ಚರಕ, ನೀರಿನ ತೊಟ್ಟಿ ಎಲ್ಲ ನೆಲಕ್ಕೆ ಕಟ್ಟಿದವು, ಎತ್ತಿಕೊಂಡು ಹೋಗುವಂಥವಲ್ಲ. ಸರ್ಕಾರದವರು ಬೀದಿ ಅಗಲ ಮಾಡಲು ಹೂಡಿದ ಆಟವಿದು ಎಂದು ಒಬ್ಬರು ಅಂದರು. ಷಮೀಮ್ ಎದ್ದು ನಿಂತು, ಯಾರೋ ಕೊಟ್ಟ ಹಳೆಯ ಪಟ್ಟಿಯ ಜೆರಾಕ್ಸ್ ತೋರಿಸಿದರು.

"ಇದ್ರಲ್ಲಿ ಚೆನ್ನಾಗಿದೆ ಅಂತ ಬರ್ದಿದೆಯಲ್ಲ ಮೇಡಂ. ಬರ್ದೋರು ಯಾರು, ಅವ್ರನ್ನ ಕರೀರಿ. ಅವ್ರು ಬಂದು ಹೇಳ್ಲಿ."

"ಬರೆದಿದ್ದು ನಾನೇ" ಎಂದೆ. "ನೋಡದೆ ಬರೆದೆ. ಈಗ ನೋಡಿದ್ದೀನಿ, ಅದಕ್ಕೇ ಬಂದಿದ್ದೀನಿ."

ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಮೊಣಕೈ ಮುಟ್ಟಿದರು, ಇನ್ನು ಸಾಕು ಎಂಬಂತೆ. ಷಮೀಮ್ ಆ ಹಾಳೆಯನ್ನು ಮಡಿಚಿ ಕೂತರು. ಸಭೆ ಮುಗಿಯುವ ಹೊತ್ತಿಗೆ ನನ್ನ ಹತ್ತಿರ ಬಂದು, ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗುತ್ತೇನೆ, ಆದರೆ ಕೆಲಸ ನಿಲ್ಲಿಸಿದರೆ ಆರು ಹೆಂಗಸರ ಮನೆಯ ಒಲೆಯೂ ಆರುತ್ತದೆ ಎಂದರು. ಬೇರೆ ಜಾಗದಲ್ಲಿ ಷೆಡ್ ಸಿಗುವವರೆಗೆ ಹಗಲು ಹೊತ್ತು ಕೆಲಸ ಮಾಡಲು ಬಿಡಿ ಎಂಬುದು ಎಲ್ಲರ ಬೇಡಿಕೆಯಾಯಿತು. ಮೇಲಿನವರಿಗೂ ಅದು ಸುಲಭದ ದಾರಿಯಾಗಿ ಕಂಡಿತು. ನಾನು ಒಪ್ಪಿದೆ. ಸಂಜೆ ಆರರ ನಂತರ ಯಾರೂ ಇರಕೂಡದು, ಮಳೆ ಬಂದ ತಕ್ಷಣ ಎಲ್ಲರೂ ಹೊರಗೆ ಬರಬೇಕು ಎಂದು ಆದೇಶ ಬರೆದು ಸಹಿ ಹಾಕಿದೆ. ಗಂಗುಲಪ್ಪನವರನ್ನು ಕೆಳಗಿನ ಬಾಯಿಯ ಹತ್ತಿರ ಕಾವಲಿಗೆ ಹಾಕಿಸಿದೆ.

ಆ ಆದೇಶದಲ್ಲಿ ಒಂದು ತಪ್ಪಿತ್ತು. ಮೂವತ್ತು ವರ್ಷ ನೀರಿನ ಲೆಕ್ಕ ಹಾಕಿದ ನನಗೆ ಅದು ಆಗ ಹೊಳೆಯಲಿಲ್ಲ.

ಸೆಪ್ಟೆಂಬರ್ ಒಣಗಿಕೊಂಡೇ ಕಳೆಯಿತು. ಬದಲಿ ಕಾಲುವೆಯ ಕೆಲಸ ಬಂಡೆ ಸಿಕ್ಕಿ ನಿಧಾನವಾಯಿತು. ಬೀದಿಯ ನಡುವೆ ಡಾಂಬರು ಒಂದು ಕಡೆ ತಟ್ಟೆಯ ಹಾಗೆ ತಗ್ಗಾಗುತ್ತಿತ್ತು. ಅಳತೆ ಕಡ್ಡಿ ಇಟ್ಟು ನೋಡಿದರೆ ವಾರಕ್ಕಿಷ್ಟು ಎಂದು ಇಳಿಯುತ್ತಿತ್ತು. ಆ ತಿಂಗಳಲ್ಲಿ ನಾನು ದಿನಕ್ಕೆ ಎಷ್ಟು ಸಲ ಹವಾಮಾನ ನೋಡುತ್ತಿದ್ದೆನೋ ಲೆಕ್ಕವಿಲ್ಲ.

ಅಕ್ಟೋಬರ್, ದಸರಾ ರಜೆಯ ಒಂದು ದಿನ. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಬದಲಿ ಕಾಲುವೆಯ ಕೆಲಸ ನೋಡಲು ಊರಿನ ಮೇಲ್ಭಾಗದಲ್ಲಿದ್ದೆ. ಒಳ್ಳೆ ಬಿಸಿಲು. ಜೆಸಿಬಿಯ ಚಾಲಕ ಯಂತ್ರ ನಿಲ್ಲಿಸಿ ಬೆಟ್ಟದ ಕಡೆ ನೋಡಿದ. ನಾನೂ ತಿರುಗಿದೆ. ಬೆಟ್ಟ ಇರಲಿಲ್ಲ. ಅದು ಇದ್ದ ಕಡೆ ಕಪ್ಪು ಗೋಡೆಯೊಂದು ನಿಂತಂತಿತ್ತು. ಅಲ್ಲಿ ಸುರಿಯುತ್ತಿತ್ತು, ನಾವು ನಿಂತಲ್ಲಿ ಒಂದು ಹನಿಯೂ ಇರಲಿಲ್ಲ.

ಮಳೆ ಬಂದ ತಕ್ಷಣ ಹೊರಗೆ ಬರಬೇಕು ಎಂದು ಬರೆದಿದ್ದೆ. ಮೋರಿ ಬೀದಿಯಲ್ಲಿ ಮಳೆ ಬಂದಿರಲಿಲ್ಲ. ಬೆಟ್ಟದಲ್ಲಿ ಬಿದ್ದ ನೀರು ಅಲ್ಲಿಗೆ ತಲುಪಲು ಹಳೆಯ ಮಣ್ಣುಕಾಲುವೆಯಲ್ಲಿ ಒಂದು ಗಂಟೆ ಬೇಕಿತ್ತು. ಹೊಸ ಕಾಂಕ್ರೀಟಿನಲ್ಲಿ ಇಪ್ಪತ್ತು ನಿಮಿಷ ಸಾಕಿತ್ತು, ಅದು ನಮ್ಮದೇ ಲೆಕ್ಕ. ಆ ಹೊತ್ತಿಗೆ ಹನ್ನೊಂದು ಮನೆಗಳಲ್ಲೂ ಚರಕ ತಿರುಗುತ್ತಿತ್ತು.

ಕಾಲುವೆಯ ಅಂಚಿಗೆ ಓಡಿದೆ. ನೀರು ಆಗಲೇ ಮೊಣಕಾಲುದ್ದ ಬರುತ್ತಿತ್ತು, ನೋಡನೋಡುತ್ತ ಸೊಂಟದಷ್ಟಾಯಿತು. ಗಂಗುಲಪ್ಪನವರಿಗೆ ಫೋನ್ ಮಾಡಿ ಕೆಳಗೆ ನೀರು ಹೇಗೆ ಬರುತ್ತಿದೆ ಎಂದೆ.

"ಬರ್ತಾ ಇತ್ತು ಮೇಡಮ್ಮಾ. ಎರ್ರಗ ಬರ್ತಾ ಇತ್ತು. ಈಗ ನಿಂತೋಯ್ತು."

ಮೇಲಿನ ಬಾಯಿಯಲ್ಲಿ ಅಷ್ಟು ನೀರು ಒಳಗೆ ಹೋಗುತ್ತಿದೆ, ಕೆಳಗಿನ ಬಾಯಿಯಲ್ಲಿ ಏನೂ ಬರುತ್ತಿಲ್ಲ. ಒಳಗೆ ಏನೋ ಕುಸಿದು ದಾರಿ ಕಟ್ಟಿದೆ. ಜನರನ್ನು ಹೊರಗೆ ಕರೆಯಿರಿ ಎಂದು ಹೇಳುವಷ್ಟರಲ್ಲಿ ಫೋನಿನಲ್ಲಿ ಅವರು ಓಡುವ ಸದ್ದು, ಏದುಸಿರು ಕೇಳಿಸುತ್ತಿತ್ತು.

ನಾನು ಜೀಪಿನಲ್ಲಿ ಬೀದಿ ತಲುಪುವ ಹೊತ್ತಿಗೆ ಹೆಂಗಸರು, ಗಂಡಸರು ಬೀದಿಯ ಆ ತುದಿಯಲ್ಲಿ ಗುಂಪಾಗಿ ನಿಂತಿದ್ದರು, ಕೆಲವರ ಕೈಯಲ್ಲಿ ನೂಲಿನ ಲಡಿಗಳು ಹಾಗೆಯೇ ಇದ್ದವು. ಹತ್ತು ಮನೆಯವರು ಬಾಗಿಲು ಬಡಿದ ಸದ್ದಿಗೇ ಹೊರಗೆ ಬಂದಿದ್ದರು. ಷಮೀಮ್ ಅವರ ಮನೆಯಲ್ಲಿ ಚರಕ ತಿರುಗಿಸುವ ಮೋಟಾರಿನ ಗಲಾಟೆಗೆ ಕೇಳಿಸಿರಲಿಲ್ಲ. ಗಂಗುಲಪ್ಪ ಒಳಗೇ ಹೋಗಿ ಮೋಟಾರ್ ಆರಿಸಿ ಅವರನ್ನೆಲ್ಲ ಹೊರಡಿಸಿದರಂತೆ. ಆರು ಹೆಂಗಸರೂ ಷಮೀಮ್ ಅವರೂ ಹೊಸ್ತಿಲು ದಾಟಿದರು. ಕೊನೆಯವರಾಗಿ ಗಂಗುಲಪ್ಪ ನಡುಮನೆಗೆ ಬರುತ್ತಿದ್ದಾಗ ನೆಲ ಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಯಾರೋ ಉಸಿರು ಎಳೆದುಕೊಂಡ ಹಾಗಾಯಿತು ಎಂದು ಷಮೀಮ್ ಆಮೇಲೆ ಹೇಳಿದರು.

ಎಂಟಡಿ ಆಳದ ಗುಂಡಿ. ತಳದಲ್ಲಿ ಗಂಗುಲಪ್ಪ ಗೋಡೆಗೆ ಒರಗಿ ನಿಂತಿದ್ದರು, ಬಲಗಾಲಿನ ಮೇಲೆ ಒಂದು ಚಪ್ಪಡಿ. ಕೆಂಪು ನೀರು ಅವರ ಹೊಟ್ಟೆಯವರೆಗಿತ್ತು. ಷಮೀಮ್ ಉಳಿದ ನೆಲದ ಅಂಚಿನಲ್ಲಿ ಬೋರಲು ಮಲಗಿ ಅವರ ಕೈ ಹಿಡಿದುಕೊಂಡಿದ್ದರು, ಇಬ್ಬರು ಹೆಂಗಸರು ಹಿಂದಿನಿಂದ ಷಮೀಮ್ ಅವರ ಕಾಲು ಹಿಡಿದುಕೊಂಡಿದ್ದರು. ಷಮೀಮ್ ತೆಲುಗಿನಲ್ಲಿ ಗಂಗುಲಪ್ಪನವರಿಗೆ ಏನೋ ಹೇಳುತ್ತಿದ್ದರು. ಭಯಪಡೊದ್ದು ಅನ್ನಾ, ಭಯಪಡೊದ್ದು, ಹೆದರಬೇಡ ಅಣ್ಣಾ ಎಂಬ ಅದೊಂದೇ ಮಾತು.

ಅಗ್ನಿಶಾಮಕದವರು ಹೊರಟಿದ್ದರು, ದಾರಿಯಲ್ಲಿದ್ದರು. ಚಪ್ಪಡಿ ಎತ್ತುವುದು ನಾಲ್ಕು ಜನರ ಕೈಯಲ್ಲಿ ಆಗುವ ಕೆಲಸವಲ್ಲ. ಗುಂಡಿಯ ಅಂಚಿಗೆ ಇನ್ನೂ ನಾಲ್ಕು ಜನ ಹೋದರೆ ಉಳಿದ ನೆಲವೂ ಹೋಗುತ್ತಿತ್ತು. ಗೋಡೆಯ ಮೇಲೆ ಒಂದು ಕಲ್ಲಿನ ಗುರುತು ಹಿಡಿದು ನೀರನ್ನು ನೋಡಿದೆ. ಎರಡು ನಿಮಿಷಕ್ಕೆ ನಾಲ್ಕು ಬೆರಳು ಏರಿತು. ಆ ಲೆಕ್ಕದಲ್ಲಿ ಅವರಿಗೆ ಉಳಿದಿದ್ದು ಕಾಲು ಗಂಟೆಗಿಂತ ಕಡಿಮೆ. ಕೆಳಗೆ ಕಟ್ಟಿಕೊಂಡಿದ್ದನ್ನು ಬಿಡಿಸುವುದು ಆಗದು. ಮೇಲಿನಿಂದ ಬರುವುದನ್ನು ನಿಲ್ಲಿಸಬೇಕು.

ಬೀದಿಯಿಂದ ಮುನ್ನೂರು ಮೀಟರ್ ಮೇಲೆ ಕಾಲುವೆ ಒಂದು ಶಾಲೆಯ ಆಟದ ಮೈದಾನದ ಪಕ್ಕದಲ್ಲಿ ಹಾಯುತ್ತದೆ. ಮೈದಾನ ಸುತ್ತಲಿನ ನೆಲಕ್ಕಿಂತ ತಗ್ಗು. ಅಲ್ಲಿ ಮೊದಲು ಕುಂಟೆಯೊಂದಿತ್ತು, ಮುಚ್ಚಿ ಮೈದಾನ ಮಾಡಿದ್ದರು. ಅಲ್ಲಿ ಕಾಲುವೆಯ ಗೋಡೆ ನೆಲದಿಂದ ಎದೆಮಟ್ಟ ಎದ್ದು ನಿಂತಿದೆ. ಗೋಡೆ ಒಡೆದರೆ ನೀರು ಮೈದಾನಕ್ಕೆ ಬೀಳುತ್ತದೆ. ಶಾಲೆಗೆ ರಜೆ. ಬಂಡೆ ಒಡೆಯುವ ಬ್ರೇಕರ್ ಹಾಕಿದ ಜೆಸಿಬಿ ಅದರ ಹತ್ತಿರದಲ್ಲೇ ನಿಂತಿತ್ತು.

ಗೋಡೆ ಒಡೆಯಲು ಅನುಮತಿ ಕೇಳಿ, ಕಾಲುವೆಯ ಹೊಣೆ ಹೊತ್ತ ಊರಿನ ಅಧಿಕಾರಿಗೆ ಫೋನ್ ಮಾಡಿದೆ. ಹೊಸ ಕಾಲುವೆ, ಉದ್ಘಾಟನೆಯಾಗಿದ್ದು ಮೊನ್ನೆಮೊನ್ನೆ, ಮೇಲಿನವರನ್ನು ಕೇಳಿ ಹೇಳುತ್ತೇನೆ, ಐದು ನಿಮಿಷ ಕೊಡಿ ಎಂದರು. ನನ್ನ ಹತ್ತಿರ ಕೊಡಲು ಐದು ನಿಮಿಷ ಇರಲಿಲ್ಲ. ಫೋನ್ ಇಟ್ಟು ಜೀಪಿನಲ್ಲಿ ಮತ್ತೆ ಮೇಲಕ್ಕೆ ಹೋದೆ. ಮೈದಾನದೊಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಿಕೊಂಡು, ಗೋಡೆ ಒಡೆಯಲು ಚಾಲಕನಿಗೆ ಹೇಳಿದೆ. ಅವನು ಗೋಡೆಯನ್ನೂ ನನ್ನನ್ನೂ ನೋಡಿದ.

"ಯಾರು ಒಡೆಯಕ್ಕೆ ಹೇಳಿದ್ದು ಅಂತ ಕೇಳಿದ್ರೆ ಏನ್ ಹೇಳ್ಲಿ ಮೇಡಂ?"

"ನನ್ನ ಹೆಸರು ಹೇಳಪ್ಪ. ಬೇಗ."

ಕಾಂಕ್ರೀಟು ಒಡೆಯಲು ನಾಲ್ಕು ನಿಮಿಷ ಹಿಡಿಯಿತು. ನನ್ನ ಇಡೀ ಸೇವೆಯಲ್ಲಿ ಕಂಡ ಅತಿ ಗಟ್ಟಿ ಕಾಂಕ್ರೀಟು ಅದೇ ಎನ್ನಿಸಿತು. ಮೊದಲು ಒಂದು ಬಿರುಕಿನಿಂದ ನೀರು ಚಿಮ್ಮಿತು, ಆಮೇಲೆ ಗೋಡೆಯ ತುಂಡೊಂದು ಹಿಂದಕ್ಕೆ ಬಿತ್ತು, ಕಾಲುವೆ ಪೂರ್ತಿಯಾಗಿ ಮೈದಾನಕ್ಕೆ ತಿರುಗಿತು. ಗೋಲು ಕಂಬಗಳ ನಡುವೆ ಕಸಕಡ್ಡಿ ತೇಲುತ್ತ ನೀರು ಹರಡಿತು. ಷಮೀಮ್ ಅವರ ಜೊತೆಯಲ್ಲಿದ್ದ ಹೆಂಗಸೊಬ್ಬರಿಗೆ ನನ್ನ ನಂಬರ್ ಕೊಟ್ಟು ಬಂದಿದ್ದೆ. ಅವರ ಫೋನ್ ಬರುವವರೆಗಿನ ಆ ಹೊತ್ತನ್ನು ನೆನೆಯಲು ಈಗಲೂ ಇಷ್ಟವಾಗುವುದಿಲ್ಲ. ನೀರು ಗಂಗುಲಪ್ಪನವರ ಗಲ್ಲಕ್ಕೆ ಬಂದಿತ್ತು, ಅಲ್ಲೇ ನಿಂತಿದೆ ಎಂದರು. ಸ್ವಲ್ಪ ತಡೆದು, ಇಳಿಯುತ್ತಿದೆ ಎಂದರು.

ಅಗ್ನಿಶಾಮಕದವರು ಸರಪಳಿ ಹಾಕಿ ಚಪ್ಪಡಿ ಎತ್ತಿ ಅವರನ್ನು ಹೊರಗೆ ತೆಗೆದಾಗ ಐದು ಗಂಟೆ. ಷಮೀಮ್ ಅಷ್ಟು ಹೊತ್ತೂ ಕೈ ಬಿಟ್ಟಿರಲಿಲ್ಲ. ಗಂಗುಲಪ್ಪ ಬದುಕಿದರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆ ಸಂಜೆ ಕತ್ತಲಾಗುವ ಮೊದಲೇ ಇನ್ನೂ ಮೂರು ಮನೆಗಳು ಒಂದರ ಹಿಂದೊಂದು ಒಳಗೆ ಹೋದವು. ಅವುಗಳಲ್ಲಿ ಯಾರೂ ಇರಲಿಲ್ಲ.

ಸಾರ್ವಜನಿಕ ಆಸ್ತಿ ಹಾಳುಮಾಡಿದ್ದಕ್ಕೆ ವಿವರಣೆ ಕೇಳಿ ನನಗೆ ನೋಟೀಸು ಬಂತು. ಒಂದು ಪುಟದ ಉತ್ತರ ಬರೆದೆ. ಅದರ ಜೊತೆಗೆ, ಯಾರೂ ಕೇಳದಿದ್ದರೂ, ಒಂಬತ್ತು ವರ್ಷದ ಹಿಂದಿನ ಪಟ್ಟಿಯ ಪ್ರತಿ ಮತ್ತು ಹಗಲು ಕೆಲಸಕ್ಕೆ ಅನುಮತಿ ಕೊಟ್ಟ ನನ್ನ ಆದೇಶದ ಪ್ರತಿ ಎರಡನ್ನೂ ಲಗತ್ತಿಸಿದೆ. ಕೆಲವು ತಿಂಗಳ ವಿಚಾರಣೆಯ ನಂತರ ಎಚ್ಚರಿಕೆ ಕೊಟ್ಟು ಮುಗಿಸಿದರು. ಮೋರಿ ಬೀದಿಯವರಿಗೆ ಊರಿನ ಇನ್ನೊಂದು ಕಡೆ ಜಾಗ ಸಿಕ್ಕಿತು. ಷಮೀಮ್ ಅವರ ಘಟಕ ಈಗ ಅಲ್ಲಿ ನಡೆಯುತ್ತಿದೆ. ಒಡೆದ ಗೋಡೆಯನ್ನು ಮತ್ತೆ ಕಟ್ಟುವ ಬದಲು ಅಲ್ಲಿ ಒಂದು ತೂಬು ಇಡಿಸಿ, ಜೋರು ಮಳೆಗೆ ನೀರು ಮೈದಾನದಲ್ಲಿ ಒಂದೆರಡು ಗಂಟೆ ನಿಂತು ಆಮೇಲೆ ಇಳಿದುಹೋಗುವ ಹಾಗೆ ಮಾಡಿದೆವು. ಕುಂಟೆ ತೋಡಿದ್ದ ಹಿರಿಯರು ಇದನ್ನೇ ಮಾಡಿದ್ದರು. ಅದನ್ನು ಮುಚ್ಚಿದವರೂ ಯಾವುದೋ ಪಟ್ಟಿಯಲ್ಲಿ ಏನೋ ಒಂದು ಪದ ಬರೆದಿರಬೇಕು.

ಗಂಗುಲಪ್ಪನವರನ್ನು ನೋಡಲು ಅವರ ಮನೆಗೆ ಹೋದೆ. ಹಗಲು ಕೆಲಸಕ್ಕೆ ಒಪ್ಪಬಾರದಿತ್ತು ಎಂದೆ. ಅವರು ಹೆಂಡತಿ ತಂದ ಕಾಫಿಯನ್ನು ನನ್ನ ಕಡೆ ಸರಿಸಿದರು. ಹೊರಡುವಾಗ ಮಾತ್ರ, "ನಾನು ಹೇಳಿದ್ದನ್ನ ನೀವು ಬರ್ಕೊಂಡ್ರಿ ಮೇಡಮ್ಮಾ. ಮುಂಚೆ ಯಾರೂ ಕೇಳೇ ಇರ್ಲಿಲ್ಲ" ಎಂದರು. ಅವರು ಅದನ್ನು ಮೆಚ್ಚುಗೆಯಾಗಿಯೇ ಹೇಳಿದ್ದು. ನನಗೆ ಹಾಗೆ ಕೇಳಿಸಲಿಲ್ಲ. ಒಂಬತ್ತು ವರ್ಷದ ಹಿಂದೆಯೂ ಅವರು ಅದೇ ಊರಿನಲ್ಲಿ, ಅದೇ ಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದರು.

ನಾಲ್ಕು ತಾಲ್ಲೂಕುಗಳ ವರದಿಯನ್ನು ನಾನು ಮತ್ತೆ ಮೊದಲಿನಿಂದ ಬರೆದೆ. ಸರಾಸರಿ ಅಂಕ ತೆಗೆದುಹಾಕಿದೆ. ಕಣ್ಣಾರೆ ಕಂಡ ಕಾಲುವೆಗಳ ಎದುರು ಕಂಡದ್ದನ್ನು ಬರೆದೆ. ಮುಚ್ಚಿಹೋಗಿ ಮೇಲೆ ಅಂಗಡಿ, ಮನೆ, ರಸ್ತೆ ಬಂದು, ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ಕಡೆಗಳಲ್ಲಿ ಸ್ಥಿತಿಯ ಕಾಲಂನಲ್ಲಿ 'ನೋಡಿಲ್ಲ' ಎಂದು ಬರೆದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇದಿಷ್ಟೇ. ಕಲಿಯಲು ಒಬ್ಬರ ಕಾಲು ಬೇಕಾಯಿತು.

ವರದಿ ಸಲ್ಲಿಸಿದ ವಾರ ಮೇಲಿನ ಕಚೇರಿಯಿಂದ ಫೋನ್ ಬಂತು. ಆ ಪದ ಎಷ್ಟು ಸಲ ಬಂದಿದೆ ಎಂದು ಅವರು ಎಣಿಸಿದ್ದರು. ಇಷ್ಟೊಂದು ಕಡೆ ನೋಡಿಲ್ಲ, ನೋಡಿಲ್ಲ ಎಂದು ಬರೆದರೆ ಓದಿದವರು ಹೆದರುವುದಿಲ್ಲವೇ ಎಂದು ಕೇಳಿದರು.

ಹೆದರಲಿ ಎಂದೇ ಬರೆದದ್ದು ಎಂದೆ.